ಗಡಿಬಿಡಿಯೇ ಆಗುವುದಿಲ್ಲ ಎನ್ನಬೇಡಿರಿ



ಪ್ರತಿ ತಿಂಗಳು ಈ ಪುಟದಲ್ಲಿ ಬೇರೆಯವರಿಗೆ ನಾಲ್ಕು ಮಾತು ಹೇಳುವ ನಾವು ಈ ಸಲ ನಮ್ಮದೇ ತಪ್ಪನ್ನು ಮೊದಲು ಹೇಳಬೇಕಾಗಿದೆ.

ನಮ್ಮ ಮೊಮ್ಮಗಳು ಡಿ.ಫಾರ್ಮ್. ಪಾಸಾದಳು. ಹನ್ನೆರಡನೆಯ ಇಯತ್ತೆಯನ್ನು ವಿಜ್ಞಾನ ಶಾಖೆಯಲ್ಲಿ ಮುಗಿಸಿ, ಎರಡು ವರ್ಷ ಕಾಲೇಜು ಕಲಿತು, ಅದರ ಮೇಲೆ 500 ತಾಸಿನ ಪ್ರತ್ಯಕ್ಷ ತರಬೇತಿ ಪಡೆದು, ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದಳು. ಮಿರಜಿನ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಜಾಗ ಖಾಲಿ ಇತ್ತು. ಅರ್ಜಿ ಹಾಕಿದಳು. ಸಂದರ್ಶನಕ್ಕೆ, ಅಂದರೆ ನಮ್ಮ ಕುರುಂದವಾಡದ ಪೇಠೆಯ ಮಾತಿನಲ್ಲಿ ಮುಲಾಖತ್ತಿಗೆ, ಕರೆ ಬಂತು.

ಹಿಂದಿನ ದಿನ ಸಂಜೆ ಹುಡುಗಿ ನಮ್ಮ ಹತ್ತಿರ ಬಂದು ಕುಳಿತಳು. "ಅಜ್ಜಾ, ಕೆಲಸದಾಗ ಒತ್ತಡ ಬಂದರ ಏನ್ ಮಾಡ್ತಿ ಅಂತ ಕೇಳ್ತಾರಂತ. ಏನ್ ಹೇಳ್ಲಿ?" ಎಂದಳು.

ನಾವು ಓದಿದ್ದು ಮ್ಯಾಟ್ರಿಕ್‌ವರೆಗೆ. ಮುಲಾಖತ್ತು ಎಂಬುದನ್ನು ಜನ್ಮದಲ್ಲಿ ಕೊಟ್ಟವರಲ್ಲ. ಅಪ್ಪ ಗಲ್ಲೆಯ ಮೇಲೆ ಕೂಡ್ರಿಸಿದರು, ಕುಳಿತೆವು. ಆದರೂ ಹಿರಿಯರೆಂಬ ಠೀವಿಯಲ್ಲಿ ಹೇಳಿಬಿಟ್ಟೆವು: "ನನಗ ಟೆನ್ಷನ್ ಬರೂದs ಇಲ್ಲ ಅಂತ ಹೇಳು. ವ್ಯಾಪಾರಸ್ಥರ ಮನಿ ಹುಡುಗಿ ನೀ. ಅಂಜೂದೇನೈತಿ?"

ಹುಡುಗಿ ಮರುದಿನ ಹಾಗೆಯೇ ಹೇಳಿದಳು. ಎದುರಿಗೆ ಕುಳಿತಿದ್ದವರು ಆ ವಿಭಾಗದ ಮುಖ್ಯಸ್ಥೆ, ತಲೆ ಬೆಳ್ಳಗಾದ ಹೆಣ್ಣುಮಗಳು. ಅವರು ಸಿಟ್ಟಿಗೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರಂತೆ: "ಹಾಗಾದರೆ ಮಗಾ, ನೀನು ಡಾಕ್ಟರರ ಚೀಟಿಯನ್ನು ಎರಡನೆಯ ಸಲ ಯಾಕೆ ಓದುತ್ತೀ?"

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಮನೆಗೆ ಬಂದು ಬ್ಯಾಗು ಇಟ್ಟು, "ನೀ ಹೇಳಿದಂಗs ಹೇಳಿದೆ ಅಜ್ಜಾ" ಎಂದಳು. ಅಷ್ಟೇ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ಆ ಬಾಯಿಯವರ ಪ್ರಶ್ನೆಯನ್ನು ತಿರುಗಿ ತಿರುಗಿ ನೋಡಿದೆವು. ಅಂಜಿಕೆ ಇದ್ದವನೇ ಚೀಟಿಯನ್ನು ಎರಡು ಸಲ ಓದುತ್ತಾನೆ. ಅಂಜಿಕೆಯೇ ಇಲ್ಲದವನು ಒಂದು ಸಲವೂ ಪೂರ್ತಿ ಓದುವುದಿಲ್ಲ. ಇಷ್ಟು ಸಣ್ಣ ಮಾತು ನಮಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಕಿರಾಣಿ ವ್ಯಾಪಾರದಲ್ಲಿ ಹಬ್ಬದ ಮುನ್ನಾದಿನ ಕಾಟಾ ನೋಡದೆ ಕೈಯಂದಾಜಿನ ಮೇಲೆ ಬೆಲ್ಲ ತೂಗಿದ ದಿನವೇ ಲುಕ್ಸಾನು ಆದದ್ದು. ಆದರೆ ಕಿರಾಣಿಯಲ್ಲಿ ತಪ್ಪಾದರೆ ಕಾಲು ಕಿಲೋ ಬೆಲ್ಲ ಹೆಚ್ಚು ಕಡಿಮೆ. ಔಷಧದಲ್ಲಿ ತಪ್ಪಾದರೆ ಅದು ಒಬ್ಬರ ಹೊಟ್ಟೆಯೊಳಗೆ ಹೋಗುತ್ತದೆ.

ಅದು ಹೇಗೆಂದು ನಮ್ಮ ಮನೆಗೇ ಗೊತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ಬರೆಯುತ್ತೇವೆ.

2011ರ ಮಾತು. ದೀಪಾವಳಿಗೆ ಎರಡು ದಿನ ಇತ್ತು. ನಮ್ಮ ಮನೆಯವರಿಗೆ ಥೈರಾಯಿಡ್ ಕಡಿಮೆ. ದಿನಾಲು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 25 ಮೈಕ್ರೋಗ್ರಾಮಿನ ಥೈರಾಕ್ಸಿನ್ ಗುಳಿಗೆ ನುಂಗುತ್ತಿದ್ದರು. ನಾವು ಮಾಲು ಖರೀದಿಗೆ ಪರಊರಿಗೆ ಹೋದಾಗ ಅಲ್ಲಿಯ ಒಂದು ಅಂಗಡಿಯಲ್ಲಿ ಆ ಔಷಧ ಕೇಳಿದೆವು. ಅಂಗಡಿಯ ತುಂಬ ಜನ. ಕೌಂಟರಿನಲ್ಲಿ ಒಬ್ಬನೇ ಹುಡುಗ. ಆ ಗುಳಿಗೆ ನೂರರ ಬಾಟಲಿಯಲ್ಲಿ ಬರುತ್ತದೆ. 25ರ ಬಾಟಲಿಯೂ 100ರ ಬಾಟಲಿಯೂ ಒಂದೇ ಗಾತ್ರ, ಒಂದೇ ಹೆಸರು, ಅಂಕಿ ಮಾತ್ರ ಬೇರೆ. ಹುಡುಗ 100ರ ಬಾಟಲಿ ಕೊಟ್ಟ. ನಾವು ನೋಡದೆ ಚೀಲಕ್ಕೆ ಹಾಕಿದೆವು.

ಮೂರು ವಾರದಲ್ಲಿ ಮನೆಯವರಿಗೆ ಎದೆ ಡವಗುಟ್ಟಲು ಹತ್ತಿತು. ಕೈ ನಡುಕ, ಬೆವರು, ರಾತ್ರಿಯೆಲ್ಲಾ ನಿದ್ದೆಯಿಲ್ಲ. ಹಬ್ಬದ ದಣಿವೆಂದು ಅಂದುಕೊಂಡೆವು. ಕೊನೆಗೆ ಡಾಕ್ಟರರು ಬಾಟಲಿ ತರಿಸಿ ನೋಡಿ, "ಇವರಿಗೆ ನಾಲ್ಕು ಪಟ್ಟು ಕೊಡುತ್ತಿದ್ದೀರಲ್ಲ" ಎಂದರು. ದೈವ ದೊಡ್ಡದು, ಗುಳಿಗೆ ಬದಲಿಸಿದ ಮೇಲೆ ಸುಧಾರಿಸಿದರು. ಹೃದಯದ ಕಾಯಿಲೆ ಮೊದಲೇ ಇದ್ದಿದ್ದರೆ ಏನಾಗುತ್ತಿತ್ತೋ.

ನಾವು ಆ ಅಂಗಡಿಗೆ ಹೋಗಿ ಸಿಕ್ಕಾಪಟ್ಟೆ ಕೂಗಾಡಿದೆವು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಎಲ್ಲಾ ಕೇಳಿಕೊಂಡು ಮೆಲ್ಲಗೆ ಒಂದು ಮಾತು ಅಂದ: "ಸಾಹುಕಾರ್ರೆ, ಅವತ್ತ ಕುರುಂದವಾಡದ ಎಸ್.ಟಿ. ಹೊಂಟೈತಿ, ಲಗೂ ಕೊಡು, ಲಗೂ ಕೊಡು ಅಂತ ಗಲ್ಲೆ ಬಡಿದವರು ನೀವs."

ನಮಗೆ ಅಲ್ಲಿ ಮಾತು ನಿಂತಿತು. ಹೌದು, ನಾವೇ. ಚೀಟಿಯನ್ನು ಅವನ ಮುಖದ ಮುಂದೆ ಹಿಡಿದು, ಓದುವ ಮೊದಲೇ ಕಸಿದುಕೊಂಡಿದ್ದೆವು. ತಪ್ಪು ಅವನದು ಹೌದು. ಯಾರು ಎಷ್ಟೇ ಕೂಗಿದರೂ ಅಂಕಿ ನೋಡಿ ಕೊಡುವುದು ಅವನ ಕೆಲಸ. ಆದರೆ ಅವನ ತಲೆಯ ಮೇಲೆ ಆ ಹೊತ್ತಿನಲ್ಲಿ ಕುಳಿತಿದ್ದ ಭಾರದಲ್ಲಿ ನಮ್ಮ ಪಾಲೂ ಇತ್ತು.

ಇಷ್ಟು ತಿಳಿದ ನಾವೇ ಮೊಮ್ಮಗಳಿಗೆ "ಟೆನ್ಷನ್ ಬರೂದs ಇಲ್ಲ ಅನ್ನು" ಎಂದು ಹೇಳಿಕೊಟ್ಟೆವು! ಅದಕ್ಕೇ ಈ ಲೇಖನ.

ಮೊದಲು ಆ ಕೆಲಸದ ಸ್ವರೂಪ ತಿಳಿಯಬೇಕು. ನಮ್ಮ ಹಿರಿಯರ ಕಾಲದಲ್ಲಿ ಕಂಪೌಂಡರ್ ಎಂದರೆ ದವಾಖಾನೆಯಲ್ಲಿ ಕೆಂಪು ನೀರಿನ ಬಾಟಲಿಗೆ ಕಾಗದದ ಗುರುತು ಅಂಟಿಸಿ ಕೊಡುವವನು. 1948ರ ಫಾರ್ಮಸಿ ಕಾಯ್ದೆ ಬಂದ ಮೇಲೆ ಡಾಕ್ಟರರ ಚೀಟಿಯ ಮೇಲೆ ಔಷಧ ವಿತರಿಸುವುದು ನೋಂದಾಯಿತ ಫಾರ್ಮಸಿಸ್ಟರ ಅಧಿಕಾರವಾಯಿತು. ಅಮೇರಿಕೆಯಲ್ಲಿ ಫಾರ್ಮಸಿಸ್ಟರ ಕೈಕೆಳಗೆ ಗುಳಿಗೆ ಎಣಿಸಿ, ಗುರುತು ಅಂಟಿಸಿ ಕೊಡುವವರಿಗೆ ಫಾರ್ಮಸಿ ಟೆಕ್ನಿಶಿಯನ್ ಎನ್ನುತ್ತಾರೆ. ಅವರ ಪರೀಕ್ಷೆಗೆಂದೇ ಅಲ್ಲಿ 1995ರಲ್ಲಿ ಒಂದು ಮಂಡಳಿ ಹುಟ್ಟಿತು. ನಮ್ಮ ಕಡೆ ಡಿ.ಫಾರ್ಮ್. ಮಾಡಿದ ಹುಡುಗ-ಹುಡುಗಿಯರೇ ಎರಡೂ ಕೆಲಸ ಮಾಡುತ್ತಾರೆ. ಹೆಸರು ಯಾವುದೇ ಇರಲಿ, ಅಲ್ಲಿಯೂ ಇಲ್ಲಿಯೂ ಮುಲಾಖತ್ತಿನಲ್ಲಿ ಒತ್ತಡದ ಪ್ರಶ್ನೆ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ? ಡಾಕ್ಟರರ ಕೈಯಿಂದ ರೋಗಿಯ ಬಾಯಿಗೆ ಹೋಗುವ ದಾರಿಯಲ್ಲಿ ಚೀಟಿ ಓದುವವರು ಕೊನೆಯ ಕಾವಲು. ಹೆಸರು ಹತ್ತಿರ ಇರುವ ಔಷಧಗಳು ಬಹಳ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬೇರೆ, ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೋನಿಡಜೋಲ್ ಬೇರೆ. ಗೀಚು ಅಕ್ಷರದಲ್ಲಿ ಎರಡೂ ಒಂದೇ ಕಾಣುತ್ತವೆ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಗುಳಿಗೆ ಕೊಡುವುದು ವಾರಕ್ಕೆ ಒಂದೇ ಸಲ. ಅದನ್ನು ದಿನಾಲು ನುಂಗಿ ಜೀವ ಕಳೆದುಕೊಂಡವರು ಅನೇಕ ದೇಶಗಳಲ್ಲಿ ಇದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಜೈನ ಕವಿ ಮಂಗರಾಜ ವಿಷವೈದ್ಯದ ಮೇಲೆಯೇ ‘ಖಗೇಂದ್ರಮಣಿದರ್ಪಣ’ವೆಂಬ ಕನ್ನಡ ಗ್ರಂಥ ಬರೆದ. ಔಷಧಕ್ಕೂ ವಿಷಕ್ಕೂ ನಡುವೆ ಇರುವುದು ಅಳತೆಯೊಂದೇ ಎಂಬುದು ಹಿಂದಿನವರಿಗೂ ಗೊತ್ತಿದ್ದ ಮಾತು. ಔಷಧ ಕೊಡುವುದರಲ್ಲಿ ಆಗುವ ತಪ್ಪುಗಳನ್ನು ಕಡಿಮೆ ಮಾಡಬೇಕೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2017ರಲ್ಲಿ ಎಲ್ಲಾ ದೇಶಗಳಿಗೆ ಕರೆ ಕೊಟ್ಟಿತು. ದಣಿವು, ಗದ್ದಲ, ಅವಸರ, ನಡುವೆ ಬಾಯಿ ಹಾಕುವ ಜನ, ಇವೇ ತಪ್ಪಿನ ಮೂಲ.

ಆದ್ದರಿಂದ ಪ್ರಶ್ನೆ ಕೇಳುವವರಿಗೆ ಬೇಕಾದದ್ದು ನಿಮ್ಮ ಶೌರ್ಯವಲ್ಲ. ಗಡಿಬಿಡಿ ಆದಾಗ ನಿಮ್ಮ ಕೈ ಏನು ಮಾಡುತ್ತದೆ ಎಂಬುದು.

ಆ ಸಂದರ್ಶನದ ನಂತರ ನಾವು ಮೊಮ್ಮಗಳನ್ನು ಕೂಡ್ರಿಸಿಕೊಂಡು, ಜಯಸಿಂಗಪುರದಲ್ಲಿ ಬಹಳ ವರ್ಷ ಔಷಧ ವ್ಯಾಪಾರ ಮಾಡಿದ ನಮ್ಮ ಬೀಗರೊಬ್ಬರನ್ನೂ ಕರೆಸಿ, ನಾಲ್ಕು ಸಂಜೆ ತಯಾರಿ ಮಾಡಿದೆವು. ಅವರು ಗಿರಾಕಿಯಾದರು, ನಾವು ಸಾಹೇಬರಾದೆವು. ಆಗ ಬರೆದಿಟ್ಟುಕೊಂಡದ್ದನ್ನು ನಿಮ್ಮ ಮಕ್ಕಳಿಗೂ ಉಪಯೋಗವಾಗಲೆಂದು ಕೊಡುತ್ತೇವೆ.

ಮೊದಲನೆಯ ಪ್ರಶ್ನೆ: ಒತ್ತಡ ಬಂದಾಗ ಏನು ಮಾಡುತ್ತೀರಿ? ‘ಬರುತ್ತದೆ’ ಎಂದು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ರೀತಿ ಹೇಳಬೇಕು. "ಗದ್ದಲವಿದ್ದಾಗ ನಾನು ಒಂದು ಚೀಟಿ ಪೂರ್ತಿ ಮುಗಿಯುವವರೆಗೆ ಎರಡನೆಯದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಶಕ್ತಿಯದು, ಹೇಗೆ ತೆಗೆದುಕೊಳ್ಳಬೇಕು, ಯಾವ ವೇಳೆಗೆ, ಈ ಐದನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ, ಕೈಗೆ ಕೊಡುವಾಗ ಇನ್ನೊಮ್ಮೆ ನೋಡುತ್ತೇನೆ." ಇಷ್ಟು ಸಾಕು. ನಮ್ಮ ವ್ಯಾಪಾರದಲ್ಲಿ ರೋಖು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ಬಿಟ್ಟು ಮತ್ತೆ ಒಂದರಿಂದ ಹಿಡಿಯುತ್ತೇವಲ್ಲ, ಹಾಗೆಯೇ ಇದೂ. ನಡುವೆ ಫೋನು ಬಂದರೆ ಚೀಟಿಯನ್ನು ಮೊದಲಿನಿಂದ ಓದಬೇಕು, ಬಿಟ್ಟಲ್ಲಿಂದ ಅಲ್ಲ.

ಎರಡನೆಯದು: ಎದುರಿಗೆ ಹತ್ತು ಜನ ನಿಂತಿದ್ದಾರೆ, ವಾರ್ಡಿನಿಂದ ಫೋನು ಬಂದಿದೆ, ಔಷಧ ಕಂಪನಿಯ ಮನುಷ್ಯ ಮಾಲು ತಂದು ಬಾಗಿಲಲ್ಲಿ ನಿಂತಿದ್ದಾನೆ. ಮೊದಲು ಯಾವುದು? "ಎಲ್ಲವನ್ನೂ ಒಮ್ಮೆಲೇ ಮಾಡುತ್ತೇನೆ" ಎಂದರೆ ಕೆಲಸ ಹೋಯಿತೆಂದೇ ತಿಳಿಯಿರಿ. ಜೀವಕ್ಕೆ ತುರ್ತು ಇದ್ದದ್ದು ಮೊದಲು. ವಾರ್ಡಿನವರನ್ನು "ತುರ್ತೇ?" ಎಂದು ಒಂದು ಮಾತು ಕೇಳಬೇಕು. ತುರ್ತಾಗಿದ್ದರೆ ಎದುರಿಗಿದ್ದವರಿಗೆ ಹಾಗೆಂದು ಹೇಳಿ ಅದನ್ನು ಕಳಿಸಬೇಕು. ಮಾಲಿನವನು ಕಾಯಲಿ. ಆದರೆ ಅವನ ಪೆಟ್ಟಿಗೆಯಲ್ಲಿ ಇನ್ಸುಲಿನ್ ಇದ್ದರೆ ಅದನ್ನು ಬಿಸಿಲಿಗೆ ಬಿಡಬಾರದು, 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕಾದ ವಸ್ತು ಅದು. ಕೈ ಸಾಲದಿದ್ದರೆ ಇನ್ನೊಬ್ಬರನ್ನು ಕರೆಯುತ್ತೇನೆ ಎಂದು ನಾಚದೆ ಹೇಳಬೇಕು. ಸಹಾಯ ಕೇಳುವುದು ದೌರ್ಬಲ್ಯವಲ್ಲ.

ಮೂರನೆಯದು: ಗಿರಾಕಿ ಕೂಗಾಡಿದರೆ? ಇದರ ಮೇಲೆ ಮೊಮ್ಮಗಳಿಗೆ ಪಾಠ ಹೇಳುವ ಅಧಿಕಾರ ನಮಗೆ ಚೆನ್ನಾಗಿಯೇ ಇತ್ತು! ಕೂಗುವವನ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ದನಿ ಏರಿಸಬಾರದು. "ಕಾಕಾ, ನಿಮ್ಮ ಚೀಟಿನs ನೋಡಾಕತ್ತೀನಿ. ಎರಡು ನಿಮಿಷ ಕೊಡ್ರಿ. ಗುಳಿಗಿ ತಪ್ಪಿದರ ನಿಮಗs ತ್ರಾಸು" ಎಂದರೆ ನೂರಕ್ಕೆ ತೊಂಬತ್ತು ಜನ ತಣ್ಣಗಾಗುತ್ತಾರೆ. ಇಲ್ಲೊಂದು ವಿಶೇಷ. ಮಿರಜಿನ ದವಾಖಾನೆಗಳಿಗೆ ಅಥಣಿ, ಚಿಕ್ಕೋಡಿ, ರಾಯಬಾಗ, ವಿಜಾಪುರದ ಕಡೆಯಿಂದ ಕನ್ನಡ ಮಾತಾಡುವ ರೋಗಿಗಳು ಬಹಳ ಬರುತ್ತಾರೆ. ಮರಾಠಿಯಲ್ಲಿ ಹೇಳಿದ್ದಕ್ಕೆ ಅವರು ತಲೆಯಾಡಿಸುತ್ತಾರೆ, ತಿಳಿದಿರುವುದಿಲ್ಲ. ನಮ್ಮ ಮಕ್ಕಳಿಗೆ ಮನೆಯ ಕನ್ನಡವೂ ಪೇಠೆಯ ಮರಾಠಿಯೂ ಬರುತ್ತವೆ. ‘ರೋಗಿಯ ಮಾತಿನಲ್ಲಿಯೇ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿಕೊಳ್ಳುತ್ತೇನೆ’ ಎಂದು ಮುಲಾಖತ್ತಿನಲ್ಲಿ ಹೇಳಿರಿ. ಅದು ಸಣ್ಣ ಗುಣವಲ್ಲ.

ನಾಲ್ಕನೆಯದು: ಗುರುತಿನವರು ಬಂದು, "ಚೀಟಿ ಮನೆಯಲ್ಲಿ ಐತಿ, ನಿದ್ದಿ ಗುಳಿಗಿ ಎರಡು ಕೊಡು" ಎಂದರೆ? ಇದು ಸಣ್ಣ ಊರಿನ ದೊಡ್ಡ ಒತ್ತಡ. ಅಪ್ಪನ ಸ್ನೇಹಿತರಿರಬಹುದು, ಅಂಗಡಿಯ ಹಳೆಯ ಉದ್ರಿ ಗಿರಾಕಿ ಇರಬಹುದು. ಕಾನೂನು ಸ್ಪಷ್ಟವಿದೆ. ಅಲ್ಪ್ರಾಜೋಲಮ್‌ನಂತಹ ಗುಳಿಗೆಗಳು 2014ರಿಂದ ಎಚ್-1 ಎಂಬ ಯಾದಿಯಲ್ಲಿವೆ. ಚೀಟಿಯಿಲ್ಲದೆ ಕೊಡುವಂತಿಲ್ಲ. ಡಾಕ್ಟರರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಂಬುದನ್ನು ಬೇರೆ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕು. ‘ಕೊಡುವುದಿಲ್ಲ, ಆದರೆ ಮುಖ ಮುರಿಯದ ಹಾಗೆ ಕಾರಣ ಹೇಳುತ್ತೇನೆ, ಒತ್ತಾಯ ಮಾಡಿದರೆ ನಮ್ಮ ಹಿರಿಯರ ಬಳಿ ಕಳಿಸುತ್ತೇನೆ’ ಎನ್ನಬೇಕು.

ಐದನೆಯದು, ಎಲ್ಲಕ್ಕಿಂತ ಬಿರುಸು: ನೀವು ಎಂದಾದರೂ ತಪ್ಪು ಮಾಡಿದ್ದೀರಾ? ‘ಇಲ್ಲ’ ಎಂದರೆ ಯಾರೂ ನಂಬುವುದಿಲ್ಲ. ತರಬೇತಿಯಲ್ಲಿ ಆದ ಒಂದು ನಿಜವಾದ ತಪ್ಪನ್ನು ಹೇಳಬೇಕು. ಅದನ್ನು ಯಾರಿಗೆ, ಯಾವಾಗ ತಿಳಿಸಿದಿರಿ, ಆಮೇಲೆ ಏನು ಬದಲಿಸಿಕೊಂಡಿರಿ ಎಂಬುದನ್ನೂ ಹೇಳಬೇಕು. ನಮ್ಮ ಬೀಗರು ಹೇಳಿದ ಮಾತು ನೆನಪಿನಲ್ಲಿ ಇಡುವಂತಹದು: "ತಪ್ಪು ಮಾಡುವ ಹುಡುಗನನ್ನು ನಾನು ಕೆಲಸದಲ್ಲಿ ಇಟ್ಟುಕೊಂಡಿದ್ದೇನೆ. ತಪ್ಪು ಮುಚ್ಚುವವನನ್ನು ಒಂದು ದಿನವೂ ಇಟ್ಟುಕೊಂಡಿಲ್ಲ." ಗುಳಿಗೆ ತಪ್ಪಾಗಿ ಹೋಗಿದೆ ಎಂದು ಐದು ನಿಮಿಷದಲ್ಲಿ ತಿಳಿಸಿದರೆ ರೋಗಿಯ ಹಿಂದೆ ಓಡಿ ತರಬಹುದು. ಅಂಜಿ ಸುಮ್ಮನಿದ್ದರೆ ರಾತ್ರಿ ಅದು ಅವನ ಹೊಟ್ಟೆಯಲ್ಲಿ ಇರುತ್ತದೆ.

ಆರನೆಯದು: ರಾತ್ರಿ ಪಾಳಿ ಮಾಡುತ್ತೀರಾ? ನಮ್ಮ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದವರಿದ್ದಾರೆ. ಅದನ್ನು ಮುಚ್ಚಿಟ್ಟು ಕೆಲಸ ಹಿಡಿದು, ಹಸಿದ ಹೊಟ್ಟೆಯಲ್ಲಿ ನಡುರಾತ್ರಿ ಚೀಟಿ ಓದುವುದು ರೋಗಿಗೂ ಒಳ್ಳೆಯದಲ್ಲ, ಹುಡುಗಿಗೂ ಒಳ್ಳೆಯದಲ್ಲ. ಹೊತ್ತಿರುವಾಗಲೇ ಹೊಟ್ಟೆ ತುಂಬ ಉಂಡು ಹೋಗುವುದು, ಹಗಲು ನಿದ್ದೆಗೆ ಮನೆಯವರು ಗದ್ದಲ ಮಾಡದಿರುವುದು, ಹೋಗಿ ಬರುವ ವ್ಯವಸ್ಥೆ, ಇವನ್ನು ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಿರಿ. ಆಗದಿದ್ದರೆ ಆಗದು ಎಂದು ನೇರವಾಗಿ ಹೇಳಿರಿ.

ಇನ್ನು, ಉದಾಹರಣೆ ಹೇಳುವ ರೀತಿ. ‘ನಾನು ಬಹಳ ತಾಳ್ಮೆಯವಳು’ ಎಂದರೆ ಅದು ಬರಿಯ ಮಾತು. ನಡೆದದ್ದನ್ನು ಕೀರ್ದಿ ಬರೆದ ಹಾಗೆ ಕ್ರಮವಾಗಿ ಹೇಳಬೇಕು. ಏನು ನಡೆಯಿತು, ನಿಮ್ಮ ಪಾಲಿಗೆ ಏನು ಬಂತು, ನೀವು ಏನು ಮಾಡಿದಿರಿ, ಕೊನೆಗೆ ಶಿಲ್ಕು ಏನು ಉಳಿಯಿತು. ನಾಲ್ಕೇ ಬಾಬು. ಎರಡು ನಿಮಿಷದಲ್ಲಿ ಮುಗಿಯಬೇಕು. ಮತ್ತು ಅದು ನಿಮ್ಮದೇ ಆಗಿರಬೇಕು. ಪುಸ್ತಕದಿಂದ ಉರು ಹೊಡೆದದ್ದು ಎರಡನೆಯ ಪ್ರಶ್ನೆಗೆ ಬಯಲಾಗುತ್ತದೆ.

"ನನ್ನ ಹತ್ತಿರ ಅಂಥಾದ್ದೇನೈತಿ ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ಆಗ ನೆನಪು ಮಾಡಿದವರು ನಮ್ಮ ಮನೆಯವರು. "2019ರ ಮಹಾಪೂರದಾಗ ನೀ ವಹಿ ಬರದಿದ್ದಿಲ್ಲೇನs?" ಎಂದರು.

ಪಂಚಗಂಗೆಯೂ ಕೃಷ್ಣೆಯೂ ನಮ್ಮ ಮಗ್ಗುಲಿಗೇ ಕೂಡುತ್ತವೆ. 2005ರಲ್ಲಿ ನೀರು ಬಂತು, 2021ರಲ್ಲಿಯೂ ಬಂತು. ಆದರೆ 2019ರ ಆಗಸ್ಟ್ ತಿಂಗಳನ್ನು ಶಿರೋಳ ತಾಲೂಕಿನವರು ಯಾರೂ ಮರೆಯುವುದಿಲ್ಲ. ಕುರುಂದವಾಡದ ಸುತ್ತ ನೀರು. ಪುಣೆ-ಬೆಂಗಳೂರು ಹೆದ್ದಾರಿಯೇ ಕೊಲ್ಹಾಪುರದ ಹತ್ತಿರ ದಿನಗಟ್ಟಲೆ ಬಂದು. ನಾವು ಹೇಗೋ ಹೊರಗೆ ಬಂದು ಸಂಬಂಧಿಕರ ಊರಲ್ಲಿ ಇದ್ದೆವು. ಅಲ್ಲಿಯ ಶಾಲೆಯಲ್ಲಿ ಪೂರಗ್ರಸ್ತರ ಶಿಬಿರ. ನಮ್ಮ ಹೆಂಗಸರು ರೊಟ್ಟಿ ಕೊಡಲು ಹೋಗುವಾಗ ಈ ಹುಡುಗಿಯೂ ಹೋಗುತ್ತಿದ್ದಳು. ಆಗ ಇನ್ನೂ ಶಾಲೆಯ ಹುಡುಗಿ.

ಅಲ್ಲಿ ವಯಸ್ಸಾದವರದು ಒಂದೇ ಗೋಳು. ಬಿ.ಪಿ.ಯ ಗುಳಿಗೆ ನೀರಿನಲ್ಲಿ ಹೋಯಿತು, ಸಕ್ಕರೆಯ ಚೀಟಿ ಕರಗಿ ಹೋಯಿತು. ಅರ್ಧ ಹರಿದ ಪಟ್ಟಿ ಹಿಡಿದು, "ಇದು ಯಾವುದರದು ನೋಡು ತಂಗಿ" ಎಂದು ಹುಡುಗಿಯ ಸುತ್ತ ಹತ್ತಾರು ಜನ. ಒಬ್ಬಜ್ಜಿ, "ಆ ಮುದುಕಂದೂ ಬಿಳಿ ಗುಳಿಗಿನs, ನನ್ನದೂ ಬಿಳಿ. ಅದರಾಗ ಎರಡು ಕೊಡು" ಎಂದಳಂತೆ. ಹುಡುಗಿ ಕೊಡಲಿಲ್ಲ. ಅಂಜಿಕೆಯಾಯಿತಂತೆ. ಶಾಲೆಯ ವಹಿಯ ಹಿಂದಿನ ಪುಟದಲ್ಲಿ ಒಬ್ಬೊಬ್ಬರ ಹೆಸರು, ಊರು, ಯಾವ ಕಾಯಿಲೆ, ಗುಳಿಗೆಯ ಪಟ್ಟಿಯ ಮೇಲೆ ಓದಲು ಬಂದಷ್ಟು ಅಕ್ಷರ, ಹಗಲೋ ರಾತ್ರಿಯೋ ಎಂದು ಬರೆದಳು. ಸಂಜೆ ಡಾಕ್ಟರರ ತಂಡ ಬಂದಾಗ ಆ ವಹಿಯನ್ನು ಅವರ ಕೈಗೆ ಕೊಟ್ಟಳು. ಡಾಕ್ಟರರು ಅದನ್ನು ಹಿಡಿದು ಒಬ್ಬೊಬ್ಬರನ್ನೇ ಕರೆದು ತಪಾಸಿ ಔಷಧ ಬರೆದರು.

ಎರಡನೆಯ ಮುಲಾಖತ್ತು ಇಚಲಕರಂಜಿಯಲ್ಲಿ. ಅದೇ ಪ್ರಶ್ನೆ ಬಂತು. ಹುಡುಗಿ ಈ ಸಲ ಹೀಗೆ ಹೇಳಿದಳಂತೆ: "ಸರ್, ನನಗೆ ಅಂಜಿಕೆ ಬರುತ್ತದೆ. ಬಂದಾಗ ನಾನು ಗುಳಿಗೆ ಕೊಡುವುದಿಲ್ಲ, ಮೊದಲು ಬರೆದುಕೊಳ್ಳುತ್ತೇನೆ. ತಿಳಿಯದ್ದನ್ನು ತಿಳಿದವರಿಗೆ ಕೇಳುತ್ತೇನೆ." ಆಮೇಲೆ ಮಹಾಪೂರದ ವಹಿಯ ಮಾತು ಹೇಳಿದಳು. ತನ್ನ ಅಜ್ಜಿಗೆ 25ರ ಬದಲು 100 ಬಂದದ್ದನ್ನೂ, ಅಂದಿನಿಂದ ಮನೆಯಲ್ಲಿ ಪ್ರತಿ ಬಾಟಲಿಯ ಅಂಕಿಯನ್ನು ತಾನೇ ನೋಡುವುದನ್ನೂ ಹೇಳಿದಳು. ಅಜ್ಜ ಗಲ್ಲೆ ಬಡಿದದ್ದನ್ನು ಹೇಳಿದಳೋ ಇಲ್ಲವೋ, ನಾವು ಕೇಳಲಿಲ್ಲ.

ಕೆಲಸ ಸಿಕ್ಕಿತು. ಪಗಾರ ಹೆಚ್ಚಿಲ್ಲ, ನಿಂತು ನಿಂತು ಕಾಲು ಬಾಯುತ್ತವೆ. ಆದರೆ ದಿನಾಲು ರಾತ್ರಿ ಬಂದು ಏನಾದರೂ ಹೊಸ ಮಾತು ಹೇಳುತ್ತಾಳೆ.

ನಮ್ಮ ವ್ಯಾಪಾರಿ ಬಂಧುಗಳಲ್ಲಿ ಕೆಲವರು, "ಸಾಹುಕಾರ್ರ ಮನಿ ಹುಡುಗಿ ನೌಕರಿ ಯಾಕ? ಅವಳ ಸರ್ಟಿಫಿಕೇಟ್ ಮೇಲೆ ನಾವs ಮೆಡಿಕಲ್ ಹಾಕೋಣು" ಎಂದರು. ಅಂಗಡಿ ಹಾಕಬಹುದು, ತಪ್ಪಿಲ್ಲ. ಆದರೆ ಸರ್ಟಿಫಿಕೇಟ್ ಗೋಡೆಯ ಮೇಲೆ, ಹುಡುಗಿ ಅಡಿಗೆ ಮನೆಯಲ್ಲಿ, ಗಲ್ಲೆಯ ಮೇಲೆ ಏನೂ ಕಲಿಯದ ತಮ್ಮ ಎಂಬ ವ್ಯವಹಾರ ಬೇಡ. ಅದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಮೊದಲು ಐದಾರು ವರ್ಷ ಇನ್ನೊಬ್ಬರ ಕೈಕೆಳಗೆ ಗದ್ದಲ ಸೋಸಿ, ಕೈ ಪಳಗಿದ ಮೇಲೆ ಅಂಗಡಿಯ ಮಾತು.

ಕೊನೆಗೆ ಕೌಂಟರಿನ ಈಚೆ ನಿಲ್ಲುವ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಔಷಧದ ಅಂಗಡಿಯಲ್ಲಿ ಲಗೂ ಲಗೂ ಎನ್ನಬಾರದು. ಚೀಟಿ ಓದುವವರ ಜೊತೆ ನಡುವೆ ಮಾತಾಡಬಾರದು. ಕೈಗೆ ಬಂದ ಗುಳಿಗೆಯ ಹೆಸರು, ಅಂಕಿ, ಮುಗಿಯುವ ತಾರೀಖು ಅಲ್ಲಿಯೇ ನಿಂತು ನೋಡಬೇಕು. ತಿಳಿಯದಿದ್ದರೆ ಇನ್ನೊಮ್ಮೆ ಕೇಳಬೇಕು. ಹಿಂದಿನ ಸಲದ ಗುಳಿಗೆಯ ಬಣ್ಣ ಬೇರೆ ಇತ್ತಲ್ಲ ಎನಿಸಿದರೆ ನುಂಗುವ ಮೊದಲು ವಿಚಾರಿಸಬೇಕು.

ನಾಲ್ಕು ದಾನಗಳನ್ನು ಚಿಕ್ಕಂದಿನಿಂದ ಕೇಳಿದ್ದೇವೆ: ಆಹಾರ, ಔಷಧ, ಶಾಸ್ತ್ರ, ಅಭಯ. ಔಷಧವನ್ನು ಇಂದು ಕೌಂಟರಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತೇವೆ, ಅದು ದಾನವಲ್ಲ. ಆದರೆ ಅಂಜಿ ನಿಂತ ರೋಗಿಗೆ "ಇದು ಬೆಳಿಗ್ಗೆ, ಇದು ರಾತ್ರಿ, ಹೆದರಬ್ಯಾಡ್ರಿ" ಎಂದು ನಿಧಾನವಾಗಿ ಹೇಳುವ ಮಾತು ಅಭಯದಾನವೇ. ಈಚೆ ನಿಂತ ನಾವು ಎರಡು ನಿಮಿಷ ಸುಮ್ಮನಿದ್ದರೆ, ಆಚೆ ನಿಂತ ಹುಡುಗಿಗೆ ಅದೂ ಅಭಯವೇ.

ಆ 2011ರ ಬಾಟಲಿ ಇನ್ನೂ ನಮ್ಮ ಗಲ್ಲೆಯ ಸಂದೂಕದಲ್ಲಿ ಇದೆ. ಖಾಲಿ ಬಾಟಲಿ. ಯಾರಿಗಾದರೂ ಅವಸರ ಮಾಡಬೇಕೆಂದು ಮನಸ್ಸಾದಾಗ ಒಮ್ಮೆ ತೆಗೆದು ನೋಡುತ್ತೇವೆ.

ಮುಂದಿನ ತಿಂಗಳು, ಅಂಗಡಿಯ ಲೆಕ್ಕವನ್ನು ಮಗನ ಕೈಗೆ ಯಾವಾಗ ಒಪ್ಪಿಸಬೇಕೆಂಬ ವಿಷಯ ಬರೆಯುವ ವಿಚಾರವಿದೆ. ಅಲ್ಲಿಯವರೆಗೆ ಎಲ್ಲರಿಗೂ ಆರೋಗ್ಯವಿರಲಿ.